ನಿಂತ ಗಾಡಿ

ಮಾರ್ಚ್ 3, ಸೋಮವಾರ

ಡಿಪೋ ಡಾಕ್ಟರು ನನ್ನ ಬಿ.ಪಿ. ನೋಡಿ ತಮ್ಮ ಬಿ.ಪಿ.ಯನ್ನೇ ಏರಿಸಿಕೊಂಡರು. "ಸಿಟ್ಟು ಬಂದಾಗ ಬಾಯಿ ಬಿಡ್ಬೇಡಿ. ಮನೆಗೆ ಹೋಗಿ ಬರೀರಿ. ಯಾರಿಗೂ ತೋರಿಸೋದೇನೂ ಬೇಡ" ಅಂದರು. ಸಿಟಿ ಬಸ್ಸಿನ ಡ್ರೈವರು ಸಿಟ್ಟು ಬಂದಾಗಲೆಲ್ಲ ಬರೆಯಲು ಕೂತರೆ ಬಸ್ಸು ಓಡಿಸುವವರು ಯಾರು? ಇರಲಿ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಉಳಿದಿದ್ದವು.

ಇವತ್ತಿನ ಸಿಟ್ಟು ಸೈಕಲ್ಲಿನದು. ನೀರಿನ ಟ್ಯಾಂಕಿನ ಹತ್ತಿರದ ಏರಿನಲ್ಲಿ ಒಬ್ಬ ಮುದುಕ ಕ್ಯಾರಿಯರಿಗೆ ಚೀಲ ಬಿಗಿದುಕೊಂಡು, ರಸ್ತೆ ತನ್ನ ಅಪ್ಪನದು ಅನ್ನುವ ಹಾಗೆ ತೇಕುತ್ತಾ ಹೋಗುತ್ತಿದ್ದ. ಹಾರ್ನ್ ಹೊಡೆದೂ ಹೊಡೆದೂ ಸಾಕಾಯಿತು. ಅಂಚಿಗೆ ಸರಿಯಲಾರ, ಅಲ್ಲೆಲ್ಲ ಕಾರು ನಿಲ್ಲಿಸಿದ್ದರು. ಕೊನೆಗೆ ಅವನ ಭುಜದ ಪಕ್ಕದಲ್ಲೇ ತೂರಿಸಿಕೊಂಡು ಮುಂದೆ ಬಂದೆ. ಕನ್ನಡಿಯಲ್ಲಿ ನೋಡಿದರೆ ಕಾಲೂರಿ ನಿಂತು ಬೈಯುತ್ತಿದ್ದ. ಬೈದುಕೊಳ್ಳಲಿ.

ಲೇಟಾಯಿತು. ಕಂಟ್ರೋಲರ್ ಕಾರಣ ಕೇಳಿದ. ಸೈಕಲ್ ಅಂದೆ. "ಸಿಗ್ನಲ್ ಅಂತ ಬರೀತೀನಿ, ಮುಂದೆ ಗಾಡಿ ಇತ್ತು ಅಂತ ಬೇಕಾದ್ರೂ ಬರೀತೀನಿ. ಸೈಕಲ್ ಅಂತ ಹೆಂಗೆ ಬರೀಲಿ? ಅದೇನ್ ಗಾಡಿನಾ?" ಅಂದ. ಅದೂ ಸರಿಯೇ.

ಆಮೇಲೆ ಕ್ಯಾಂಟೀನಿನಲ್ಲಿ ಸಿಟ್ಟು ಇಳಿಯಿತು. ಮೇಷ್ಟ್ರು ಇದ್ದರು. ಮೇಷ್ಟ್ರು ಅಂದರೆ ಶಾಲೆಯವರಲ್ಲ, ಹೊಸ ಡ್ರೈವರುಗಳಿಗೆ ತರಬೇತಿ ಕೊಡುವವರು. ನನಗೂ ಬಸ್ಸು ಕಲಿಸಿದವರು ಅವರೇ. "ನಿಮ್ಮನೇಲೂ ಒಂದು ಸೈಕಲ್ ಇದೆಯಲ್ಲೋ" ಅಂತ ಕೆಣಕಿದರು. "ಅಯ್ಯೋ, ನನ್ನ ಹೆಂಡ್ತಿ ಆಕಾಶ ನೋಡ್ಕೊಂಡು ಪೆಡಲ್ ತುಳೀತಾಳೆ ಮೇಷ್ಟ್ರೇ. ಅವಳು ಬರೋದು ಕಂಡ್ರೆ ಲೈಟ್ ಕಂಬಾನೂ ಪಕ್ಕಕ್ಕೆ ಸರಿಯುತ್ತೆ" ಅಂದೆ. ಇದು ನನ್ನ ಹಳೇ ಮಾತು, ಆದರೂ ಪ್ರತಿಸಲ ನಗುತ್ತಾರೆ. ಮೇಷ್ಟ್ರಿಗೆ ನಕ್ಕು ನಕ್ಕು ಟೀ ನೆತ್ತಿಗೇರಿತು.

ಮಾರ್ಚ್ 5, ಬುಧವಾರ

ಇವಳು ಆಸ್ಪತ್ರೆಯಲ್ಲಿದ್ದಾಳೆ.

ಬೆಳಿಗ್ಗೆ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುವಾಗ, ಬೇಕರಿ ಮುಂದೆ ನಿಂತಿದ್ದ ಕಾರಿನ ಬಾಗಿಲು ದಿಢೀರನೆ ತೆರೆದುಕೊಂಡಿದೆ. ಸೈಕಲ್ಲಿನಿಂದ ಹಾರಿ ಬಿದ್ದಿದ್ದಾಳೆ. ಬಲಗೈ ಮಣಿಕಟ್ಟು ಮುರಿದಿದೆ, ಭುಜದ ಮೂಳೆ ಬಿರುಕು ಬಿಟ್ಟಿದೆ. ಹಿಂದೆ ಬರುತ್ತಿದ್ದ ವ್ಯಾನಿನವನು ಬ್ರೇಕ್ ಹಾಕದಿದ್ದರೆ ಇಲ್ಲಿ ಬೇರೆಯೇ ಏನೋ ಬರೆಯಬೇಕಾಗುತ್ತಿತ್ತು.

ಎಷ್ಟು ಸಲ ಬಡಿದುಕೊಂಡೆ! ಬಸ್ಸಿಲ್ಲವೇ ಊರಲ್ಲಿ? ಗಂಡ ಬಸ್ ಡ್ರೈವರ್, ಹೆಂಡತಿ ಸೈಕಲ್. "ನಿಮ್ಮ ಬಸ್ಸು ಬರೋ ಹೊತ್ತಿಗೆ ನಾನು ಅಂಗಡಿ ಬಾಗಿಲು ತೆಗೆದು ಕಸ ಗುಡಿಸಿರ್ತೀನಿ" ಅಂತ ನಗುತ್ತಿದ್ದಳು. ಈಗ ನಗಲಿ.

ಮೇಲಿನ ಸಾಲು ಹೊಡೆದುಹಾಕಬೇಕು ಅನ್ನಿಸಿತು. ಡಾಕ್ಟರು ಬರೆಯಿರಿ ಅಂದಿದ್ದಾರೆ, ಇರಲಿ.

ಮಾರ್ಚ್ 6, ಗುರುವಾರ

ಆ ಕಾರು ಮೇಷ್ಟ್ರದಂತೆ.

ಹಣ್ಣಿನ ಬುಟ್ಟಿ ಹಿಡಿದುಕೊಂಡು ವಾರ್ಡಿಗೆ ಬಂದರು. ಮುಖ ಬಾಡಿಹೋಗಿತ್ತು. "ಬ್ರೆಡ್ ತಗೊಳೋಣ ಅಂತ ನಿಲ್ಲಿಸಿದ್ದೆ ಕಣೋ. ಇಂಜಿನ್ ಕೂಡ ಆಫ್ ಆಗಿತ್ತು. ನಿಂತ ಗಾಡಿ. ನಿಂತ ಗಾಡಿಗೆ ಬಂದು ಗುದ್ದಿದ್ರೆ ನಾನೇನು ಮಾಡ್ಲಿ?" ಅಂದರು. ಅವರ ಹೆಗಲ ಮೇಲೆ ಕೈ ಹಾಕಿ, ಬಿಡಿ ಮೇಷ್ಟ್ರೇ, ಯಾರ ಕೈಲೂ ಇರಲಿಲ್ಲ ಅಂದೆ. ಹೊರಗೆ ಕರೆದುಕೊಂಡು ಹೋಗಿ ಟೀ ಕುಡಿಸಿದೆ.

ವಾಪಸ್ ಬಂದರೆ ಇವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಹಣ್ಣು ಕತ್ತರಿಸಿಕೊಡಲಾ ಅಂದೆ. ಬೇಡ ಅಂದಳು. ಹಣ್ಣಿನ ಮೇಲೆ ಏನು ಕೋಪ?

ಮಾರ್ಚ್ 10, ಸೋಮವಾರ

ಇವಳನ್ನು ಮನೆಗೆ ಕರೆತಂದೆವು. ಆಸ್ಪತ್ರೆಗೆ ಬಂದವರೆಲ್ಲ ಒಂದೇ ಪಾಠ ಒಪ್ಪಿಸಿದರು. ಹೆಲ್ಮೆಟ್ ಹಾಕಿದ್ಲಾ? ನನ್ನ ತಂಗಿ ಕೇಳಿದಳು, ಪಕ್ಕದ ಮನೆಯವರು ಕೇಳಿದರು, ಪಕ್ಕದ ಹಾಸಿಗೆ ರೋಗಿಯನ್ನು ನೋಡಲು ಬಂದವರೂ ಕೇಳಿದರು. ಮಗಳಿಗೆ ಬಾಯಿ ನನ್ನದೇ. "ಹಾಕಿದ್ರು ಅತ್ತೆ. ತಲೆಗೆ ಹಾಕಿದ್ರು. ಕೈಗೆ ಹಾಕ್ಕೋಬೇಕು ಅಂತ ಗೊತ್ತಿರಲಿಲ್ಲ" ಅಂದಳು. ತಂಗಿ ಮೂತಿ ಉಬ್ಬಿಸಿಕೊಂಡು ಹೋದಳು. ಮಗಳನ್ನು ಗದರಿಸಿದೆ. ಆದರೆ ಮಾತು ಚೆನ್ನಾಗಿತ್ತು.

ಟ್ಯಾಕ್ಸಿ ಮನೆ ಮುಂದೆ ನಿಂತಿತು. ಇವಳು ರಸ್ತೆ ಕಡೆ ಕೂತಿದ್ದಳು. ಬಲಗೈ ಪ್ಲಾಸ್ಟರಿನಲ್ಲಿ ಇದ್ದದ್ದರಿಂದ ಎಡಗೈ ಅಡ್ಡಕ್ಕೆ ಚಾಚಿ ಬಾಗಿಲ ಹಿಡಿಗೆ ಕೈ ಹಾಕಿದಳು, ಇಡೀ ಮೈ ಹಿಂದಿನ ರಸ್ತೆ ಕಡೆ ತಿರುಗಿತು. ಬಾಗಿಲು ತೆರೆಯದೆ ಹಾಗೇ ಕೂತುಬಿಟ್ಟಳು. ಇಳಿಯೇ ಬೇಗ ಅಂತ ನಾನು ಕೂಗಿದೆ.

"ಗಾಡಿ ಬರ್ತಿದೆ" ಅಂದಳು.

ಒಂದು ಬೈಕು ರೊಯ್ಯನೆ ಬಾಗಿಲ ಪಕ್ಕದಲ್ಲೇ ಹೋಯಿತು. ಆಮೇಲೆ ಇಳಿದಳು.

ಮಾರ್ಚ್ 13, ಗುರುವಾರ

ಗುಂಡಿ ಹಾಕುವುದು, ಜಡೆ ಹೆಣೆಯುವುದು, ಟೂತ್‌ಪೇಸ್ಟಿನ ಮುಚ್ಚಳ ತೆಗೆಯುವುದು. ಈ ಮೂರರಲ್ಲಿ ಜಡೆ ನನ್ನ ಕೈಲಿ ಆಗುವುದಿಲ್ಲ. ಅಷ್ಟು ಉದ್ದದ ಬಸ್ಸನ್ನು ಸಂದಿಯಲ್ಲಿ ರಿವರ್ಸ್ ತೆಗೆಯುತ್ತೇನೆ, ಮೂರು ಎಳೆ ಕೂದಲು ಕೈಗೆ ಸಿಗುವುದಿಲ್ಲ. ಇವಳಿಗೆ ನಗು ಬಂತು, ಭುಜ ನೋವಾಗಿ ಅಳುವೂ ಬಂತು.

ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಇವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಗಾಜು ಬಿರಿಯುತ್ತದೆಯಂತೆ. ಈ ಕೈ ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಪ್ಲಾಸ್ಟರಿನಿಂದ ಹೊರಗೆ ಕಾಣುವ ಬೆರಳ ತುದಿಗಳನ್ನು ಒಂದೊಂದಾಗಿ ಆಡಿಸಿ ನೋಡುತ್ತಾ ಕೂತಿರುತ್ತಾಳೆ. ನಾನು ಬಂದರೆ ನಿಲ್ಲಿಸುತ್ತಾಳೆ.

ಮಾರ್ಚ್ 18, ಮಂಗಳವಾರ

ಮೈ ಉರಿಯುತ್ತಿದೆ. ಪೆನ್ನು ಒತ್ತಿ ಹಾಳೆ ಹರಿಯಿತು.

ಹೇಳಿಕೆ ಕೊಡಲು ಠಾಣೆಗೆ ಹೋಗಿದ್ದೆವು. ಇವಳು ಆದದ್ದನ್ನು ಆದಂತೆ ಹೇಳಿದಳು. ಪೇದೆ ಅರ್ಧ ಬರೆದು ಪೆನ್ನು ಕೆಳಗಿಟ್ಟ. "ಅಲ್ಲಮ್ಮಾ, ನೀವು ಆಕಾಶ ನೋಡ್ಕೊಂಡು ಸೈಕಲ್ ಹೊಡೀತೀರಂತಲ್ಲ. ನಿಮ್ಮ ಯಜಮಾನ್ರೇ ಯಾವಾಗ್ಲೂ ಹೇಳ್ತಾರಂತೆ. ಕಾರಿನವರು ಹೇಳಿಕೆಯಲ್ಲಿ ಬರೆಸಿದ್ದಾರೆ. ಕೇಳಿಸ್ಕೊಂಡವರು ಇಬ್ಬರು ಡ್ರೈವರ್‌ಗಳು ಸಾಕ್ಷಿ."

ಇವಳು ನನ್ನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಮುಗಿದುಹೋಗುತ್ತಿತ್ತು. ನೋಡಿ ಮತ್ತೆ ಪೇದೆ ಕಡೆ ತಿರುಗಿ, "ಮುಂದಕ್ಕೆ ಬರ್ಕೊಳ್ಳಿ" ಅಂದಳು.

ಕ್ಯಾಂಟೀನಿನ ತಮಾಷೆ ಠಾಣೆಗೆ ಹೋಗುವುದೆಂದರೇನು? ಟೀ ಕುಡಿಯುವಾಗ ಆಡಿದ ಮಾತಿಗೆ ಯಾರಾದರೂ ಸಾಕ್ಷಿ ಹಾಕಿಸುತ್ತಾರಾ? ಹಾಗೆ ನೋಡಿದರೆ ಕಂಟ್ರೋಲರ್ ತನ್ನ ಮಾವನನ್ನು ದಿನಕ್ಕೊಂದು ಸಲ ಕೊಲ್ಲುತ್ತೇನೆ ಅನ್ನುತ್ತಾನೆ, ಅವನನ್ನು ಹಿಡಿದು ಒಳಗೆ ಹಾಕಲಿ.

ಮಾರ್ಚ್ 20, ಗುರುವಾರ

ಮೇಷ್ಟ್ರು ಡಿಪೋ ಗೇಟಿನಲ್ಲಿ ಕಾದಿದ್ದರು. ಬೈಯಬೇಕೆಂದು ಬಾಯಿ ತೆರೆದೆ, ಅವರು ಕಣ್ಣಲ್ಲಿ ನೀರು ತಂದುಕೊಂಡರು. "ತಪ್ಪು ನನ್ನ ತಲೆಗೆ ಬಂದ್ರೆ ತರಬೇತಿಯಿಂದ ತೆಗೀತಾರೆ ಕಣೋ. ರಿಟೈರ್ ಆಗೋ ವರ್ಷ. ಇಷ್ಟು ಜನಕ್ಕೆ ಕಲಿಸಿದವನು ತಲೆ ತಗ್ಗಿಸಿ ಮನೆಗೆ ಹೋಗ್ಬೇಕಾ? ನಿನ್ನ ಹೆಂಡ್ತಿಗೆ ಏನು ನಷ್ಟ? ಅವಳ ಲೈಸೆನ್ಸ್ ಹೋಗುತ್ತಾ? ಸೈಕಲ್ಲಿಗೆ ಲೈಸೆನ್ಸೇ ಇಲ್ಲ" ಅಂದರು. ಒಂದು ಕಾಗದ ಕೊಟ್ಟರು. ನನ್ನ ಅಜಾಗರೂಕತೆಯಿಂದ ನಿಂತ ಕಾರಿಗೆ ಡಿಕ್ಕಿ ಹೊಡೆದೆ, ದೂರು ಇಲ್ಲ ಎಂದು ನಾಲ್ಕು ಸಾಲು.

ತಂದು ಇವಳ ಮುಂದೆ ಇಟ್ಟೆ. ಇಟ್ಟದ್ದು ನಿಜ. ಯಾಕೆ ಅಂದರೆ ದಿನಾ ಅವರ ಮುಖ ನೋಡುವವನು ನಾನು.

ಓದಿದಳು. "ಸಹಿ ಹಾಕೋಕೆ ಕೈ ಎಲ್ಲಿದೆ?" ಅಂದಳು.

"ಎಡಗೈ ಹೆಬ್ಬೆಟ್ಟು ಸಾಕಂತೆ" ಅಂದೆ.

"ಹಾಗಾದ್ರೆ ಅದನ್ನೂ ಮುರಿದುಬಿಡಿ."

ಮಗಳು ತಟ್ಟೆ ಬಿಟ್ಟು ಎದ್ದುಹೋದಳು. ನಾನು ಜೋರಾಗಿ ಏನೇನೋ ಅಂದೆ. ಇವಳು ದನಿ ಏರಿಸಲಿಲ್ಲ. "ಅವರ ದುಡ್ಡು ಬೇಡ, ಕ್ಷಮೆ ಬೇಡ. ನಾನು ನೋಡದೆ ಹೋದೆ ಅಂತ ಮಾತ್ರ ಯಾರೂ ಬರೀಕೂಡದು. ನಾನು ನೋಡಿದ್ದೆ ರೀ" ಅಂದಳು.

ಮಾರ್ಚ್ 21, ಶುಕ್ರವಾರ

ಮಾತಿಲ್ಲ. ಜಡೆ ಮಗಳು ಹಾಕಿದಳು.

ಮಾರ್ಚ್ 24, ಸೋಮವಾರ

ರಜೆ. ಮನೆಯಲ್ಲಿ ಕೂತರೆ ಗೋಡೆಯೂ ನನ್ನ ಜೊತೆ ಮಾತು ಬಿಟ್ಟ ಹಾಗಿತ್ತು. ಎದ್ದು ಆ ಬೇಕರಿಗೆ ಹೋದೆ. ಬನ್ನು ತಿನ್ನುತ್ತಾ ಎದುರಿಗೆ ನಿಂತೆ. ಸುಮ್ಮನೆ ನೋಡೋಣ, ಇವಳದೇ ತಪ್ಪು ಇರಬೇಕು, ಜಾಗ ನೋಡಿದರೆ ತಿಳಿಯುತ್ತದೆ ಅಂತ.

ಒಂದು ಕಾರು ಬಂತು, ನಿಂತಿತು, ಬಾಗಿಲು ತೆರೆಯಿತು. ಹಿಂದೆ ನೋಡಲಿಲ್ಲ. ಇನ್ನೊಂದು ಬಂತು. ಆ ಮನುಷ್ಯ ಫೋನಿನಲ್ಲಿ ಮಾತಾಡುತ್ತಾ ಕಾಲಿನಿಂದ ಬಾಗಿಲು ಒದ್ದ. ಇನ್ನೊಬ್ಬಳು ಪೂರ್ತಿ ಬಾಗಿಲು ತೆರೆದಿಟ್ಟು ಒಳಗೆ ಚಪ್ಪಲಿ ಹುಡುಕುತ್ತಾ ಕೂತಳು. ಬಾಗಿಲು ಒದ್ದವನ ಹತ್ತಿರ ಹೋಗಿ, ಹಿಂದೆ ನೋಡಿ ತೆಗೀಬಾರದಾ ಸ್ವಾಮಿ ಅಂದೆ. "ನಿಂಗೇನ್ ತೊಂದ್ರೆ? ನಿನಗೆ ತಾಗ್ತಾ?" ಅಂದ. ನನಗೆ ತಾಗಿಲ್ಲ, ನಿಜ. ಅವನ ಬ್ರೆಡ್ಡು ಕಸಿದು ಮೋರಿಗೆ ಎಸೆಯಬೇಕು ಅನ್ನಿಸಿತು.

ಒಂದು ಹುಡುಗಿ ಸೈಕಲ್ಲಿನಲ್ಲಿ ಬಂದಳು. ಕಾರುಗಳಿಂದ ಬಾಗಿಲಷ್ಟು ದೂರ ಬಿಟ್ಟು, ರಸ್ತೆಗೆ ಸ್ವಲ್ಪ ಒಳಗೆ ಬರುತ್ತಿದ್ದಳು. ಹಿಂದೆ ನಮ್ಮ ಡಿಪೋ ಬಸ್ಸು. ಹಾರ್ನ್ ಅಂದರೆ ಹಾರ್ನ್, ಕಿವಿ ತೂತು ಬೀಳಬೇಕು. ಹುಡುಗಿ ಹೆದರಿ ಕಾರುಗಳಿಗೆ ಅಂಟಿಕೊಂಡು ಹೋದಳು. ಯಾರಪ್ಪ ಇವನು ಎಂದು ನೋಡಿದೆ, ನಮ್ಮವನೇ, ಒಳ್ಳೇ ಡ್ರೈವರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೂ ಅವನಿಗೆ ಇಲ್ಲಿ ಬರೆಯಲಾಗದ ಬೈಗುಳ ಬೈದೆ.

ಮನೆಗೆ ಬಂದು ಆ ನಾಲ್ಕು ಸಾಲಿನ ಕಾಗದವನ್ನು ಒಲೆಗೆ ಹಾಕಿದೆ. ಮೇಜಿನ ಮೇಲೆ ಸುಮ್ಮನೆ ಜಾಗ ತಿನ್ನುತ್ತಿತ್ತು.

ಏಪ್ರಿಲ್ 2, ಬುಧವಾರ

ಬಸ್ಸು ರಿಪೇರಿಗೆ ಹೋಗಿತ್ತು, ಶೆಡ್ಡಿನ ಪಕ್ಕ ಕಾಯುತ್ತಿದ್ದೆ. ಮೇಷ್ಟ್ರು ಹೊಸಬರಿಗೆ ಪಾಠ ಹೇಳುತ್ತಿದ್ದರು. ಹಳೇ ಬಸ್ಸಿನ ಸೀಟಿನಲ್ಲಿ ಒಬ್ಬನನ್ನು ಕೂರಿಸಿದ್ದರು. ಅವನು ಇಳಿಯಲು ಕ್ಯಾಬಿನ್ ಬಾಗಿಲಿಗೆ ಕೈ ಹಾಕಿದ್ದೇ ತಡ, ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಟಪ್ ಅಂತ ಬಿತ್ತು.

"ಕನ್ನಡಿ ಮೊದಲು, ಕೈ ಆಮೇಲೆ! ಗಾಡಿ ನಿಂತ ತಕ್ಷಣ ನಿನ್ನ ಕೆಲಸ ಮುಗೀತು ಅಂದ್ಕೊಂಡ್ಯಾ? ಇಳಿದು ಬಾಗಿಲು ಹಾಕೋ ತನಕ ನೀನು ಡ್ರೈವರೇ!"

ಅದೇ ಸ್ಕೇಲು, ಅದೇ ಮಾತು, ಅದೇ ದನಿ. ನನ್ನ ಗೆಣ್ಣಿಗೂ ಬಿದ್ದಿತ್ತು, ಸಂಜೆ ಊಟ ಮಾಡುವಾಗ ಬೆರಳು ಮಡಚಲು ಆಗಿರಲಿಲ್ಲ.

ಪಾಠ ಮುಗಿದ ಮೇಲೆ ಹತ್ತಿರ ಹೋದೆ. "ಅವತ್ತು ಬೇಕರಿ ಹತ್ರ ಕನ್ನಡಿ ನೋಡಿದ್ರಾ ಮೇಷ್ಟ್ರೇ?" ಅಂದೆ.

"ಅದು ಬಸ್ಸಿಗೆ ಕಣೋ. ಬಸ್ಸಿಗೂ ನನ್ನ ಸ್ವಂತ ಕಾರಿಗೂ ಏನು ಸಂಬಂಧ? ಡ್ಯೂಟಿಗೆ ಮುಂಚೆ ಬ್ರೆಡ್ ತರೋಕೆ ಹೋದವನು ನಾನು" ಅಂದರು. ನಾಚಿಕೆಯೂ ಇಲ್ಲ, ಸುಳ್ಳು ಹೇಳಿದ ಅಳುಕೂ ಇಲ್ಲ. ಆಮೇಲೆ ಸ್ನೇಹದಿಂದ ಬೆನ್ನು ತಟ್ಟಿ, "ಹೆಬ್ಬೆಟ್ಟು ಒತ್ತಿಸಿದ್ಯಾ?" ಅಂದರು.

ಕಾಗದ ಸುಟ್ಟೆ ಅಂದೆ. ಬೆನ್ನ ಮೇಲಿನ ಕೈ ಹಿಂದಕ್ಕೆ ಹೋಯಿತು.

ಏಪ್ರಿಲ್ 11, ಶುಕ್ರವಾರ

ಠಾಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ಇನ್ಸ್‌ಪೆಕ್ಟರು, ಪೇದೆ, ಮೇಷ್ಟ್ರು, ಅವರ ಪರವಾಗಿ ಡಿಪೋದ ಇಬ್ಬರು. ಈ ಕಡೆ ಇವಳು, ಮಗಳು, ನಾನು.

ಮೇಷ್ಟ್ರು ನಿಂತ ಗಾಡಿ, ನಿಂತ ಗಾಡಿ ಅಂತ ಜಪ ಮಾಡಿದರು. ಡಿಪೋದವರು ತಲೆ ಆಡಿಸಿದರು. "ಯಾರಿಗೇ ಆಗಿದ್ರೂ ಆಕೆ ಕಾಣ್ತಿರಲಿಲ್ಲ ಸಾರ್, ಸಡನ್ನಾಗಿ ಬಂದ್ರು" ಅಂದರು. ಸೈಕಲ್ಲಿನ ಮೇಲೆ ಕೂತ ಹೆಂಗಸು ಸಡನ್ನಾಗಿ ಎಲ್ಲಿಂದ ಬರುತ್ತಾಳೆ, ಆಕಾಶದಿಂದಲಾ? ಎಲ್ಲ ಸೇರಿ ಇವಳ ತಲೆ ಮೇಲೆ ಗೂಬೆ ಕೂರಿಸಲು ತಯಾರಾಗಿ ಬಂದಿದ್ದರು. ಇನ್ಸ್‌ಪೆಕ್ಟರು ಗಡಿಯಾರ ನೋಡುತ್ತಾ, "ನೀವೇನಂತೀರಿ? ಹೆಂಡ್ತಿ ಆಕಾಶ ನೋಡ್ಕೊಂಡು ಓಡಿಸ್ತಾರೆ ಅಂದಿದ್ದು ನೀವೇ ತಾನೆ?" ಅಂತ ನನ್ನನ್ನು ಕೇಳಿದರು.

"ನಾನೇ ಅಂದಿದ್ದು. ತುಂಬಾ ಸಲ ಅಂದಿದ್ದೀನಿ" ಅಂದೆ. ಮೇಷ್ಟ್ರು ಕುರ್ಚಿಗೆ ಒರಗಿದರು. "ಆದ್ರೆ ಸಾರ್, ಇವಳು ಸೈಕಲ್ ಹೊಡೆಯೋದನ್ನ ನಾನು ಒಂದು ದಿನಾನೂ ನೋಡಿಲ್ಲ. ಅವಳು ಹೊರಡೋ ಹೊತ್ತಿಗೆ ನಾನು ಡ್ಯೂಟೀಲಿರ್ತೀನಿ. ಅವಳು ಬರುವಾಗ್ಲೂ ಡ್ಯೂಟೀಲಿರ್ತೀನಿ. ನಗಿಸೋಕೆ ಅಂದಿದ್ದು. ಇವರೆಲ್ಲ ನಕ್ಕಿದ್ರು."

ಪೇದೆ ಬರೆಯಲೋ ಬೇಡವೋ ಎಂದು ಇನ್ಸ್‌ಪೆಕ್ಟರ ಮುಖ ನೋಡಿದ. ಬರ್ಕೊಳಯ್ಯಾ ಅಂತ ನಾನೇ ಗದರಿದೆ.

"ಇನ್ನೊಂದು ಬರ್ಕೊ. ಕನ್ನಡಿ ನೋಡದೆ ಬಾಗಿಲಿಗೆ ಕೈ ಹಾಕ್ಬಾರದು, ಇಳಿದು ಬಾಗಿಲು ಹಾಕೋ ತನಕ ನೀನು ಡ್ರೈವರೇ ಅಂತ ನನ್ನ ಗೆಣ್ಣಿಗೆ ಹೊಡೆದು ಕಲಿಸಿದ್ದು ಈ ಮೇಷ್ಟ್ರು. ಹೋದ ವಾರಾನೂ ಕಲಿಸ್ತಿದ್ರು. ಮೇಷ್ಟ್ರೇ, ಇಲ್ಲ ಅನ್ನಿ ನೋಡೋಣ. ಅವಳು ಸಡನ್ನಾಗಿ ಬರಲಿಲ್ಲ. ನೋಡಿದ್ರೆ ಕಾಣ್ತಿದ್ಲು."

ಮೇಷ್ಟ್ರು ಇಲ್ಲ ಅನ್ನಲಿಲ್ಲ. "ಹೆಂಡ್ತಿ ಕುಣಿಸಿದಂಗೆ ಕುಣೀತಾನೆ" ಅಂತ ಪಕ್ಕದವನಿಗೆ ಹೇಳಿದರು. ಅದನ್ನೂ ಬರ್ಕೊ ಅಂದೆ. ಇನ್ಸ್‌ಪೆಕ್ಟರು ಪೇದೆಯ ಕೈಯಿಂದ ಕಾಗದ ತೆಗೆದುಕೊಂಡು, ಸವಾರಳ ಅಜಾಗರೂಕತೆ ಅನ್ನುವ ಸಾಲಿನ ಮೇಲೆ ಗೀಟು ಎಳೆದು, ಬಾಗಿಲು ತೆಗೆದವರ ನಿರ್ಲಕ್ಷ್ಯ ಎಂದು ಬರೆಸಿ ಓದಿ ಹೇಳಿದರು.

ಮನೆಗೆ ಬಂದು ಊಟ ಆದ ಮೇಲೆ ಇವಳು ಬಾಚಣಿಗೆ ತಂದು ನನ್ನ ಮುಂದೆ ಇಟ್ಟು, ಬೆನ್ನು ತಿರುಗಿಸಿ ಕೂತಳು. ಜಡೆ ಸೊಟ್ಟಗಾಯಿತು.

ಏಪ್ರಿಲ್ 16, ಬುಧವಾರ

ಮೇಷ್ಟ್ರನ್ನು ತರಬೇತಿಯಿಂದ ತೆಗೆದು ಸ್ಟೋರಿಗೆ ಹಾಕಿದ್ದಾರೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರುವುದಿಲ್ಲ. ಒಳ್ಳೆಯದೇ, ಕಾಲು ಚಾಚಿ ಕೂರಬಹುದು. ಸಂಕಟವೂ ಆಯಿತು, ಸುಳ್ಳು ಯಾಕೆ. ಅವರ ನಗು ಕೇಳದೆ ಟೀ ಸಪ್ಪೆ ಅನ್ನಿಸುತ್ತದೆ. ಅವರ ಮೇಲೆ ಸಿಟ್ಟು ಮಾತ್ರ ಒಂದು ಚೂರೂ ಇಳಿದಿಲ್ಲ.

ನಾನು ಬಾಗಿಲು ತೆಗೆಯುವುದನ್ನು ನೋಡಿ ಹೊಸಬರು ಕಿಸಕ್ಕೆನ್ನುತ್ತಾರಂತೆ. ಪಕ್ಕದಲ್ಲೇ ಬಲಗೈ ಇರುವಾಗ ಎಡಗೈ ಅಡ್ಡ ಹಾಕಿ ತೆಗೆಯುತ್ತೇನಂತೆ. ಯಾವ ಕೈಯಲ್ಲಿ ತೆಗೆದರೆ ಇವರಿಗೇನು ಹೊಟ್ಟೆನೋವು?

ಜೂನ್ 2, ಸೋಮವಾರ

ಪ್ಲಾಸ್ಟರ್ ಬಿಚ್ಚಿದ ಮೇಲೆ ಇವಳು ಅಂಗಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಗಾಜು ಉಜ್ಜುವ ಕೆಲಸ ಇನ್ನೂ ಕೊಟ್ಟಿಲ್ಲ, ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ. ಇವತ್ತು ಸೈಕಲ್ ತೆಗೆಯುತ್ತೇನೆ ಅಂದಳು. ಬೇಡ ಅಂತ ಬಾಯಿ ತನಕ ಬಂತು. ಟೈರಿಗೆ ಗಾಳಿ ಮಾತ್ರ ನಿನ್ನೆಯೇ ಹೊಡೆದಿಟ್ಟಿದ್ದೆ, ಯಾರಾದರೂ ಹೊಡೆಯಲೇಬೇಕಲ್ಲ.

ಶಿಫ್ಟ್ ಬದಲಾಯಿಸಿಕೊಂಡು ಮನೆ ಗೇಟಿನಲ್ಲಿ ನಿಂತು ನೋಡಿದೆ. ಹತ್ತುವ ಮುಂಚೆ ಎರಡು ಸಲ ಬ್ರೇಕ್ ಒತ್ತಿ ನೋಡಿದಳು. ಆಮೇಲೆ ಹೋದಳು. ಆಕಾಶ ಗೀಕಾಶ ಏನೂ ಇಲ್ಲ. ನಿಂತ ಪ್ರತಿ ಕಾರಿನ ಹತ್ತಿರ ಅವಳ ತಲೆ ಒಂಚೂರು ಬಾಗುತ್ತದೆ. ಗಾಜಿನೊಳಗೆ ಯಾರಾದರೂ ಕೂತಿದ್ದಾರಾ ಎಂದು ನೋಡುತ್ತಾಳೆ. ಒಂದು ಕಾರೂ ಬಿಡಲಿಲ್ಲ, ತಿರುವಿನ ತನಕ ನೋಡಿದೆ.

ರಾತ್ರಿ ಮನೆ ಸೇರಿದ ಮೇಲೆ ಕೇಳಿದೆ, ಬಿದ್ದ ಮೇಲೆ ಕಲಿತದ್ದಾ ಅಂತ.

"ಮೊದಲಿಂದಲೂ ಹಾಗೇ."

"ಮತ್ತೆ ಅವತ್ತು?"

"ಅವರ ಕಾರಿನ ಗಾಜು ಕಪ್ಪು" ಅಂದಳು. "ನೋಡಿದೆ. ಏನೂ ಕಾಣ್ಲಿಲ್ಲ."

ಇದನ್ನು ಯಾಕೆ ಹೇಳಲಿಲ್ಲ ಅಂತ ರೇಗಿದೆ. "ಯಾರು ಕೇಳಿದ್ರು? ಎಲ್ಲರೂ ಹೆಲ್ಮೆಟ್ ಕೇಳಿದ್ರು" ಅಂದಳು. ಯಾರಿಗೆ ಬೈಯಬೇಕೋ ತಿಳಿಯಲಿಲ್ಲ.

ಜೂನ್ 5, ಗುರುವಾರ

ಇವತ್ತಿನ ಸಿಟ್ಟು ಪ್ಯಾಸೆಂಜರುಗಳದು. ನೀರಿನ ಟ್ಯಾಂಕಿನ ಏರಿನಲ್ಲಿ ಆ ಚೀಲದ ಮುದುಕ ಮತ್ತೆ ಸಿಕ್ಕಿದ. ಅಂಚಿನಲ್ಲಿ ಸಾಲಾಗಿ ಕಾರುಗಳು, ಒಂದರಲ್ಲಿ ಯಾರೋ ಕೂತಿದ್ದರು. ಮುದುಕ ಎಲ್ಲಿಗೆ ಸರಿಯಬೇಕು? ಹಿಂದಿನಿಂದ ಎಲ್ಲರೂ ಕಿರುಚಿದರು, ಹಾರ್ನ್ ಹೊಡಿ, ತೂರಿಸು, ಬಸ್ ಓಡಿಸ್ತಿದ್ಯಾ ಮೆರವಣಿಗೆ ಹೊರಟಿದ್ಯಾ ಅಂತ. ಅಷ್ಟು ಅರ್ಜೆಂಟ್ ಇದ್ರೆ ಇಳಿದು ತಳ್ಳಿ ಅಂದೆ. ಏರು ಮುಗಿಯುವ ತನಕ ಮೊದಲನೇ ಗೇರಿನಲ್ಲಿ ಅವನ ಹಿಂದೆಯೇ ಹೋದೆ. ಮುದುಕ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಲೇಟಾಯಿತು. ಕಂಟ್ರೋಲರ್ ಪೆನ್ನು ಹಿಡಿದು ಕಾರಣ ಕೇಳಿದ.

ಮುಂದೆ ಗಾಡಿ ಇತ್ತು ಅಂದೆ.